ಸಿಲಿಂಡರ್ ಅಲ್ಲಾಡಿಸಬ್ಯಾಡ್ರಿ, ತೂಗ್ರಿ

ನಮ್ಮ ಫೈನಲ್ ಇಯರ್ ಪ್ರಾಜೆಕ್ಟಿನ ಸಿನಾಪ್ಸಿಸ್‌ನ ಮೂರನೇ ಪುಟದಲ್ಲಿ ಒಂದು ಪಟ್ಟಿ ಇದೆ. ಹಳೇ ಟೆಂಪೊ ಟ್ರಾವೆಲರ್ ಒಂದನ್ನು ಮೋಟರ್‌ಹೋಮ್ ಮಾಡಬೇಕು ಅನ್ನೋದು ನಮ್ಮ ಪ್ರಾಜೆಕ್ಟು, ಅದರೊಳಗೆ ಏನೇನು ಇರಬೇಕು ಅನ್ನೋದು ಆ ಪಟ್ಟಿ. ಎರಡು ಬರ್ನರಿನ ಒಲೆ, ಗ್ಯಾಸ್ ಗೀಸರ್, ಗ್ಯಾಸಿನ ಮೇಲೆ ನಡೆಯುವ ಫ್ರಿಜ್, ಕೊನೆಗೆ ‘ಎಲ್‌ಪಿಜಿ ಸಿಲಿಂಡರ್ – 1’. ವಿದೇಶದ ವಿಡಿಯೊ ನೋಡಿ ಬರೆದದ್ದು ಅಂತ ಯಾರಿಗಾದರೂ ಗೊತ್ತಾಗುತ್ತೆ. ಗೈಡ್ ಸರ್ ಆ ಕೊನೇ ಸಾಲಿನ ಮೇಲೆ ಪೆನ್ನಿಟ್ಟು ಕೇಳಿದರು: “ಒಂದು ಅಂದ್ರ ಎಷ್ಟು ದಿನಕ್ಕ?”

“ಮನ್ಯಾಗ ಎರಡ ತಿಂಗಳ ಬರ್ತೈತ್ರಿ ಸರ್” ಅಂದ ನಮ್ಮಲ್ಲೊಬ್ಬ. ಸರ್ ಒಂದು ಕ್ಷಣ ಅವನ ಮುಖ ನೋಡಿ, ಏನೂ ಅನ್ನದೆ ಸಹಿ ಮಾಡಿದರು. ಆವಾಗ ನಾನೂ ಅಲ್ಲೇ ನಿಂತಿದ್ದೆ, ಸುಮ್ಮನಿದ್ದೆ. ಈಗ ಬರೆಯುತ್ತಿದ್ದೇನೆ. ಯಾಕಂದ್ರೆ ಜನವರಿಯಲ್ಲಿ ನಾವು ಎಂಟು ಮಂದಿ ಅದೇ ಗಾಡಿ ತಗೊಂಡು ನಾಲ್ಕು ದಿನ ತಿರುಗಿ ಬಂದ ಮೇಲೆ ಆ ಪಟ್ಟಿಯ ಎರಡು ಸಾಲು ಹೊಡೆದುಹಾಕಬೇಕು ಅಂತ ನನಗನ್ನಿಸಿದೆ. ನನ್ನ ಬ್ಯಾಚಿನ ಅರ್ಧ ಜನಕ್ಕೆ ಹಾಗನ್ನಿಸಿಲ್ಲ. ಜಗಳ ಇನ್ನೂ ನಡೆದಿದೆ. ಹಾಸ್ಟೆಲಿನಲ್ಲಿ ಕೂಗಾಡೋದಕ್ಕಿಂತ ಇಲ್ಲಿ ಬರೆದುಬಿಡೋಣ ಅಂತ.

ದಾರಿ ಹೊಸದೇನಲ್ಲ. ಬಾಗಲಕೋಟೆಯಿಂದ ಬಾದಾಮಿ, ಬನಶಂಕರಿಯಲ್ಲಿ ರಾತ್ರಿ ವಸ್ತಿ. ಮರುದಿನ ಪಟ್ಟದಕಲ್ಲು, ಐಹೊಳೆ ನೋಡಿ ಕೂಡಲಸಂಗಮ. ಅಲ್ಲಿಂದ ಹುನಗುಂದದ ಮೇಲೆ ಇಳಕಲ್ಲಿಗೆ, ನಮ್ಮ ದೋಸ್ತನ ಮನೆಗೆ. ಸೆಮಿಸ್ಟರ್ ಪರೀಕ್ಷೆ ಮುಗಿದಿತ್ತು, ಬನದ ಹುಣ್ಣಿಮೆ ಆಗಿ ಜಾತ್ರೆ ಜೋರಿನಲ್ಲಿತ್ತು. ಗಾಡಿಯ ಸೀಟು ಕಿತ್ತು ಹಲಗೆ ಬಡಿದಿದ್ದೆವು. ಹಿಂದಿನ ಬಾಗಿಲ ಹತ್ತಿರ ಒಂದು ಸಣ್ಣ ಒಲೆ, ಜತೆಗೆ ಒಬ್ಬನ ಕಾಕಾನ ಅಡುಗೆ ಕಾಂಟ್ರ್ಯಾಕ್ಟಿನ ಸಾಮಾನಿನಿಂದ ಎತ್ತಿಕೊಂಡು ಬಂದ ಭಟ್ಟಿ ಒಲೆ, ರೂಮಿನಲ್ಲಿದ್ದ ಐದು ಕೆಜಿಯ ಸಿಲಿಂಡರ್. ಹೊರಡುವ ಮುಂಚೆ “ಗ್ಯಾಸ್ ಎಷ್ಟೈತಿ?” ಅಂತ ಕೇಳಿದ್ದಕ್ಕೆ ಒಬ್ಬ ಅದನ್ನು ಎತ್ತಿ, ಕಿವಿಯ ಹತ್ತಿರ ಹಿಡಿದು, ತೆಂಗಿನಕಾಯಿ ಅಲ್ಲಾಡಿಸಿದ ಹಾಗೆ ಅಲ್ಲಾಡಿಸಿ “ಅರ್ಧ ಐತಿ ಬಿಡ್ರಲೇ” ಅಂದ. ನಾಲ್ಕು ವರ್ಷ ಎಂಜಿನಿಯರಿಂಗ್ ಓದಿದ ಎಂಟು ಮಂದಿಗೆ ಅಷ್ಟು ಅಳತೆ ಸಾಕಾಯಿತು.

ಬನಶಂಕರಿಯಲ್ಲಿ ಮರುದಿನ ನಸುಕಿನಲ್ಲಿ ಥಂಡಿ ಇತ್ತು. ಎಲ್ಲರಿಗೂ ಬಿಸಿನೀರಿನ ಜಳಕ ಬೇಕು. ದೊಡ್ಡ ಬೋಗಾಣಿ ಭಟ್ಟಿಯ ಮೇಲಿಟ್ಟು ಪೂರ್ತಿ ಉರಿ ಹಚ್ಚಿದೆವು. ಎರಡು ಬೋಗಾಣಿ ನೀರು ಕಾಯುವುದರೊಳಗೆ ಉರಿ ಸಣ್ಣದಾಗುತ್ತ ಬಂತು. ಸಿಲಿಂಡರಿನ ಕೆಳಭಾಗ ಮೊದಲು ಬೆವರಿತು, ಆಮೇಲೆ ಬೆಳ್ಳಗೆ ಮಂಜು ಹಿಡಿಯಿತು. “ಮುಗೀತು, ಇನ್ನ ಹತ್ತು ನಿಮಿಷ ಬರ್ತೈತಿ, ಅಡ್ಡ ಮಲಗಸು” ಅಂದ ಒಬ್ಬ. ಮಲಗಿಸಿದೆವು. ಮುಂದಿನದು ನಾಲ್ಕೈದು ಸೆಕೆಂಡಿನ ಮಾತು. ಒಲೆ ಒಮ್ಮೆ ಕೆಮ್ಮಿದ ಹಾಗೆ ಮಾಡಿತು, ಹಳದಿ ಉರಿ ಬೋಗಾಣಿ ದಾಟಿ ನನ್ನ ಎದೆಯ ಎತ್ತರ ಎದ್ದಿತು, ಬಾಗಿಲಿಗೆ ಒಣ ಹಾಕಿದ್ದ ಟಾವೆಲ್ಲಿನ ತುದಿ ಹತ್ತಿಕೊಂಡಿತು. ಗಾಡಿಯೊಳಗೆ ಇನ್ನೂ ಮೂವರು ಮಲಗಿದ್ದರು.

ಪಕ್ಕದಲ್ಲೊಂದು ನಾಟಕ ಕಂಪನಿಯ ಬಿಡಾರ. ಬನಶಂಕರಿ ಜಾತ್ರೆಗೆ ಬಂದ ಕಂಪನಿಗಳು ತೇರು ಎಳೆದ ಮೇಲೂ ವಾರಗಟ್ಟಲೆ ಅಲ್ಲೇ ತಂಬು ಹೊಡೆದು ಇರುತ್ತವಲ್ಲ, ಅವರ ಅಡುಗೆಯೂ ಅಲ್ಲೇ. ಅಲ್ಲಿ ಹಿಟ್ಟು ನಾದುತ್ತಿದ್ದ ಅಕ್ಕಾರೊಬ್ಬರು “ಎಬ್ಬಸಿ ನಿಲ್ಲಸೋ ಅದನ್ನ! ಬಂದ್ ಮಾಡೋ ಮದ್ಲ!” ಅಂತ ಕೂಗುತ್ತಲೇ ಓಡಿ ಬಂದರು. ನಾನು ರೆಗ್ಯುಲೇಟರ್ ತಿರುವಿದೆ, ಇನ್ನೊಬ್ಬ ಟಾವೆಲ್ ಎಳೆದು ಮಣ್ಣಿಗೆ ಒಗೆದ. ಆದದ್ದು ಇಷ್ಟೇ. ಯಾರಿಗೂ ಸುಡಲಿಲ್ಲ. ನನ್ನ ಕೈ ಮಾತ್ರ ಬಹಳ ಹೊತ್ತು ನಡುಗುತ್ತಿತ್ತು.

ಅಕ್ಕಾರು ಬೈದರು. ಅದನ್ನು ಇಲ್ಲಿ ಬರೆಯಲಾರೆ. ಬೈದು ಮುಗಿಸಿ ಸಿಲಿಂಡರ್ ಮುಟ್ಟಿ ನೋಡಿ ಒಂದು ಮಾತು ಹೇಳಿದರು: “ಗ್ಯಾಸ್ ಮುಗಿದಿಲ್ಲೋ ತಮ್ಮಾ, ಅದಕ್ಕ ದಣಿವ ಆಗೇತಿ. ಒಂದ್ ತಾಸು ಸುಮ್ನ ಬಿಡು.” ನಂಬಲಿಲ್ಲ. ಅವರು ರೇಷನ್ ತೂಗುವ ಕಾಟಾ ತರಿಸಿ ಅದಕ್ಕೆ ಸಿಲಿಂಡರ್ ನೇತುಹಾಕಿದರು. ಸಿಲಿಂಡರಿನ ಮೇಲೆ ಅಚ್ಚು ಹಾಕಿದ ಖಾಲಿ ತೂಕ ಕಳೆದರೆ ಒಳಗೆ ಇನ್ನೂ 1.6 ಕೆಜಿ ಗ್ಯಾಸ್ ಇತ್ತು.

ಅವರ ಬಿಡಾರದ ಸಿಲಿಂಡರುಗಳ ಮೇಲೆ ಸುಣ್ಣದ ಕಡ್ಡಿಯಿಂದ ತಾರೀಖು ಬರೆದಿತ್ತು. ನಮ್ಮವ್ವ ಕ್ಯಾಲೆಂಡರಿನ ಮೇಲೆ ‘ಗ್ಯಾಸ್ ಹಚ್ಚಿದ್ದು’ ಅಂತ ಬರೆಯುತ್ತಾಳಲ್ಲ, ಹಾಗೆ. ವರ್ಷಕ್ಕೆ ಹತ್ತು ಊರು ತಿರುಗಿ, ನಲವತ್ತು ಮಂದಿಗೆ ಬಯಲಲ್ಲಿ ಬೇಯಿಸಿ ಹಾಕುವವರು ಅವರು. ಮೋಟರ್‌ಹೋಮ್ ಬಗ್ಗೆ ನಾವು ಸಿನಾಪ್ಸಿಸ್ ಬರೆಯುವ ಮುಂಚೆ ಅವರನ್ನು ಒಂದು ಮಾತು ಕೇಳಬೇಕಿತ್ತು.

ಅಕ್ಕಾರು ‘ದಣಿವು’ ಅಂದದ್ದಕ್ಕೆ ನಮ್ಮ ಪುಸ್ತಕದಲ್ಲಿ ಬೇರೆ ಹೆಸರಿದೆ. ಲೇಟೆಂಟ್ ಹೀಟ್. ಮೂರನೇ ಸೆಮಿಸ್ಟರಿನಲ್ಲಿ ಹತ್ತು ಮಾರ್ಕಿಗೆ ಬರೆದಿದ್ದೇವೆ. ಸಿಲಿಂಡರಿನೊಳಗೆ ಇರೋದು ದ್ರವ. ಅದು ಆವಿಯಾಗಿ ಒಲೆಗೆ ಬರಬೇಕಾದರೆ ಒಂದು ಕೆಜಿಗೆ ಸುಮಾರು 350ರಿಂದ 400 ಕಿಲೋಜೂಲ್ ಶಾಖ ಬೇಕು. ಆ ಶಾಖ ಎಲ್ಲಿಂದ ಬರುತ್ತೆ? ಸಿಲಿಂಡರಿನ ಕಬ್ಬಿಣದ ಗೋಡೆಯ ಮೂಲಕ, ಸುತ್ತಲಿನ ಗಾಳಿಯಿಂದ. ಸಣ್ಣ ಒಲೆ ತಾಸಿಗೆ 150 ಗ್ರಾಂ ಸುಟ್ಟರೆ ಗಾಳಿ ಅಷ್ಟು ಶಾಖ ಕೊಡುತ್ತದೆ. ಭಟ್ಟಿ ತಾಸಿಗೆ ಮುಕ್ಕಾಲು ಕೆಜಿ, ಒಂದು ಕೆಜಿ ಎಳೆದರೆ ಕೊಡಲಾರದು. ಆಗ ದ್ರವ ತನ್ನ ಶಾಖವನ್ನೇ ಖರ್ಚು ಮಾಡಿ ತಣ್ಣಗಾಗುತ್ತದೆ. ತಣ್ಣಗಾದ ಹಾಗೆ ಒತ್ತಡ ಇಳಿಯುತ್ತದೆ, ಉರಿ ಸಣ್ಣದಾಗುತ್ತದೆ. ಒಳಗೆ ದ್ರವ ಕಡಿಮೆ ಇದ್ದಷ್ಟೂ ಗೋಡೆಗೆ ತಾಗುವ ಜಾಗವೂ ಕಡಿಮೆ, ದಣಿವು ಇನ್ನೂ ಬೇಗ. ಮೇಲಾಗಿ ನಮ್ಮ ಎಲ್‌ಪಿಜಿ ಪ್ರೊಪೇನ್ ಮತ್ತು ಬ್ಯೂಟೇನಿನ ಮಿಶ್ರಣ. ಪ್ರೊಪೇನ್ ಕುದಿಯೋದು ಮೈನಸ್ 42 ಡಿಗ್ರಿಯಲ್ಲಿ, ಬ್ಯೂಟೇನ್ ಸೊನ್ನೆಯ ಹತ್ತಿರ. ಹಗುರಾದ ಪ್ರೊಪೇನ್ ಮೊದಲು ಹೆಚ್ಚು ಹೋಗುತ್ತದೆ, ಕೊನೆಗೆ ಉಳಿಯೋದು ಹೆಚ್ಚಾಗಿ ಬ್ಯೂಟೇನ್. ಮಂಜು ಹಿಡಿದ ಸಿಲಿಂಡರಿನಲ್ಲಿ ಅದು ಏಳಲು ಒಲ್ಲೆ ಅನ್ನುತ್ತದೆ, ಅಷ್ಟೇ. ಗ್ಯಾಸ್ ಮುಗಿದಿರುವುದಿಲ್ಲ.

ಅಡ್ಡ ಮಲಗಿಸಿದರೆ ಏನಾಗುತ್ತದೆ ಅಂತ ಈಗ ಹೇಳಬೇಕಿಲ್ಲ. ವಾಲ್ವ್ ಇರೋದು ಆವಿಯ ಜಾಗದಲ್ಲಿ. ಮಲಗಿಸಿದರೆ ಅಲ್ಲಿಗೆ ದ್ರವ ಬರುತ್ತದೆ. ಒಂದು ಲೀಟರ್ ದ್ರವ ಹೊರಬಂದು ಸುಮಾರು 250 ಲೀಟರ್ ಗ್ಯಾಸ್ ಆಗುತ್ತದೆ. ರೆಗ್ಯುಲೇಟರನ್ನು ಅದಕ್ಕೆ ಮಾಡಿಲ್ಲ. ಕುದಿಯುವ ನೀರಿನಲ್ಲಿ ಸಿಲಿಂಡರ್ ಇಡುವುದು, ಕೆಳಗೆ ಕೆಂಡ ಇಡುವುದು, ಇವೂ ನಮ್ಮ ಕಡೆ ಕೇಳಿಬರುವ ಉಪಾಯಗಳೇ. ಮೂರಕ್ಕೂ ನನ್ನ ಉತ್ತರ ಒಂದೇ, ಉರಿ ಸಣ್ಣ ಮಾಡಿ, ಇಲ್ಲಾ ಒಲೆ ಆರಿಸಿ ಚಹಾ ಇಲ್ಲದೆ ಒಂದು ತಾಸು ಕೂಡಿ.

ಆ 1.6 ಕೆಜಿಯಲ್ಲಿ ನಾವು ಉಳಿದ ದಿನ ಕಳೆದೆವು. ದುಡ್ಡಿರಲಿಲ್ಲ ಅಂತಲ್ಲ, ಹಟಕ್ಕೆ ಬಿದ್ದು. ಬಾದಾಮಿ ಪೇಟೆಯಲ್ಲಿ ಒಂದು ನೇತುಹಾಕುವ ಡಿಜಿಟಲ್ ಕಾಟಾ ಕೊಂಡೆವು. ದಿನಾ ಮುಂಜಾನೆ ಚಹಾಕ್ಕಿಂತ ಮುಂಚೆ ತೂಕ, ಪುಸ್ತಕದಲ್ಲಿ ಬರಹ. ಮೊದಲ ದಿನ 330 ಗ್ರಾಂ ಹೋಯಿತು, ಎರಡನೇ ದಿನ 210. ಇಳಕಲ್ಲು ಮುಟ್ಟಿದಾಗ ಇನ್ನೂ ಒಂದು ಕೆಜಿಯ ಮೇಲೆ ಉಳಿದಿತ್ತು. ಎಂಟು ಮಂದಿ, ಯಾರೂ ಉಪವಾಸ ಇರಲಿಲ್ಲ.

ಹೆಂಗ್ ಆಯ್ತು ಅಂದ್ರೆ, ಗ್ಯಾಸ್ ಎಲ್ಲಿ ಹೋಗುತ್ತದೆ ಅಂತ ಗೊತ್ತಾದದ್ದರಿಂದ. ಲೆಕ್ಕ ನೀವೇ ಮಾಡಿ ನೋಡಿ. ಒಂದು ಬಕೆಟ್ ಅಂದರೆ 15 ಲೀಟರ್ ನೀರು, 20 ಡಿಗ್ರಿಯಿಂದ 42 ಡಿಗ್ರಿಗೆ ಏರಬೇಕು. 15 × 4.18 × 22, ಸುಮಾರು 1,380 ಕಿಲೋಜೂಲ್. ಮನೆ ಒಲೆಗೆ ಐಎಸ್‌ಐ ಗುರುತು ಸಿಗಬೇಕಾದರೆ ಕನಿಷ್ಠ 68 ಪ್ರತಿಶತ ದಕ್ಷತೆ ಇರಬೇಕು. ಬಯಲಿನ ಗಾಳಿಗೆ ನಾನು 60 ಹಿಡಿದೆ. ಹಾಗಾದರೆ ಬೇಕಾದ ಶಾಖ 2,300 ಕಿಲೋಜೂಲ್. ಒಂದು ಕೆಜಿ ಎಲ್‌ಪಿಜಿ ಕೊಡೋದು ಸುಮಾರು 46,000. ಭಾಗಿಸಿದರೆ ಒಂದು ಬಕೆಟ್ಟಿಗೆ 50 ಗ್ರಾಂ. ಎಂಟು ಮಂದಿಯ ಜಳಕಕ್ಕೆ 400 ಗ್ರಾಂ! ಅದೇ ಎಂಟು ಮಂದಿಗೆ ಒಂದು ಸಲ ಚಹಾ ಕಾಯಿಸಲು 15 ಗ್ರಾಂ ಸಾಕು. ಕುಕ್ಕರಿನಲ್ಲಿ ಒಂದು ಕೆಜಿ ಅಕ್ಕಿಯ ಅನ್ನಕ್ಕೆ 45ರ ಆಸುಪಾಸು.

ನಮ್ಮ ದೋಸ್ತ ಹೇಳಿದ “ಮನ್ಯಾಗ ಎರಡ ತಿಂಗಳ” ಸುಳ್ಳೇನಲ್ಲ. 14.2 ಕೆಜಿಯನ್ನು 60 ದಿನಕ್ಕೆ ಹಂಚಿದರೆ ದಿನಕ್ಕೆ 240 ಗ್ರಾಂ ಹತ್ತಿರ. ಆದರೆ ಅವನ ಮನೆಯಲ್ಲಿ ನೀರು ಕಾಯೋದು ಹಂಡೆಯಲ್ಲಿ, ಕಟ್ಟಿಗೆ ಹಚ್ಚಿ. ಫ್ರಿಜ್ ನಡೆಯೋದು ಕರೆಂಟಿನ ಮೇಲೆ. ಗ್ಯಾಸಿನ ಪಾಲಿಗೆ ಅಲ್ಲಿರೋದು ಒಲೆ ಒಂದೇ. ನಮ್ಮ ಸಿನಾಪ್ಸಿಸ್ ಮೂರನ್ನೂ ಆ ಒಂದು ಸಿಲಿಂಡರಿನ ಕೊರಳಿಗೆ ಕಟ್ಟಿದೆ.

ಗೀಸರಿನ ಮಾತಿಗೆ ಬರೋಣ. ನಿಮಿಷಕ್ಕೆ ಆರು ಲೀಟರ್ ನೀರನ್ನು 25 ಡಿಗ್ರಿ ಏರಿಸುವ ಗೀಸರ್ ನಿಮಿಷಕ್ಕೆ ಸುಮಾರು 16 ಗ್ರಾಂ ಗ್ಯಾಸ್ ಸುಡುತ್ತದೆ. ಐದು ನಿಮಿಷ ನಿಂತರೆ 80 ಗ್ರಾಂ, ಎಂಟು ಮಂದಿಗೆ 640. ತಾಸಿನ ಲೆಕ್ಕದಲ್ಲಿ ಅದು ಭಟ್ಟಿಯಷ್ಟೇ ಎಳೆಯುತ್ತದೆ, ಅಂದ್ರೆ ಐದು ಕೆಜಿಯ ಸಿಲಿಂಡರಿಗೆ ಮತ್ತೆ ಅದೇ ದಣಿವು, ಅದೇ ಮಂಜು. ನೀರೂ ಹೋಗುತ್ತೆ, ಎಂಟು ಮಂದಿಗೆ 240 ಲೀಟರ್. ನಮ್ಮ ಗಾಡಿಯ ಟ್ಯಾಂಕು 100 ಲೀಟರಿನದು ಅನ್ನೋದು ಪಟ್ಟಿ ಬರೆದವನಿಗೆ ನೆನಪಿರಲಿಲ್ಲ. ಇದಕ್ಕೂ ದೊಡ್ಡ ಮಾತು ಬೇರೆ ಇದೆ. ಕಿಡಕಿ ಮುಚ್ಚಿದ ಬಚ್ಚಲಿನಲ್ಲಿ ಗ್ಯಾಸ್ ಗೀಸರ್ ಹಚ್ಚಿ, ಕಾರ್ಬನ್ ಮೊನಾಕ್ಸೈಡ್ ಕುಡಿದು ಸತ್ತವರ ಸುದ್ದಿ ಚಳಿಗಾಲ ಬಂದರೆ ಪೇಪರಿನಲ್ಲಿ ಓದುತ್ತೇವೆ. ಮನೆಯ ಬಚ್ಚಲೇ ಹಾಗಾದರೆ, ಗಾಡಿಯಲ್ಲಿ ನಾವು ಕಟ್ಟಬೇಕೆಂದಿರುವ ಬಚ್ಚಲು ಮೂರು ಅಡಿಗೆ ಮೂರು ಅಡಿ.

ಫ್ರಿಜ್ಜಿನ ವಿಚಾರದಲ್ಲಿ ನಮ್ಮ ಆರ್‌ಎಸಿ ವಿಷಯದ ಮೋಹ ಇದೆ ಅಂತ ನನ್ನ ಅನುಮಾನ. ಉರಿ ಹಚ್ಚಿ ತಂಪು ಮಾಡೋದು ಚಂದದ ವಿಚಾರವೇ, ಅಮೋನಿಯ, ನೀರು, ಅಬ್ಸಾರ್ಬರ್ ಎಲ್ಲಾ ಚಿತ್ರ ಬರೆದು ತೋರಿಸಬಹುದು. ವೈವಾದಲ್ಲಿ ಹೊಳೆಯುತ್ತದೆ. ಆದರೆ ಅದು ದಿನಕ್ಕೆ 300 ಗ್ರಾಂ ತಿನ್ನುತ್ತದೆ, ನಾವು ಉಂಡರೂ ತಿನ್ನುತ್ತದೆ, ಉಪವಾಸ ಇದ್ದರೂ ತಿನ್ನುತ್ತದೆ, ಹಗಲೂ ರಾತ್ರಿ ಒಂದು ಉರಿ ಗಾಡಿಯೊಳಗೆ ಉರಿಯುತ್ತಲೇ ಇರಬೇಕು. ಗಾಡಿ ಸಮತಟ್ಟಾಗಿ ನಿಲ್ಲದಿದ್ದರೆ ಕೆಲಸ ಮಾಡಲ್ಲ. ಸುತ್ತಲಿನ ಗಾಳಿ 40 ಡಿಗ್ರಿ ಆದರೆ ಸೋಲುತ್ತದೆ, ಏಪ್ರಿಲ್‌ನಲ್ಲಿ ನಮ್ಮ ಬಾಗಲಕೋಟೆ ಹೇಗಿರುತ್ತದೆ ಅಂತ ಬೇರೆ ಹೇಳಬೇಕೇ? ಅದು ಯುರೋಪಿನ ತಂಪು ಬೇಸಿಗೆಗೆ ಒಗ್ಗಿದ ಸಾಮಾನು. ನಮ್ಮ ಕಡೆ ಸುಡುವ ಬಿಸಿಲೇ ನಮ್ಮ ಆಸ್ತಿ. ಮಾಡಿನ ಮೇಲೆ 200 ವ್ಯಾಟ್ ಸೋಲಾರ್ ಫಲಕ, ದಿನಕ್ಕೆ ಐದು ತಾಸು ಪೂರ್ಣ ಬಿಸಿಲು, ನಷ್ಟ ಕಳೆದು 700 ವ್ಯಾಟ್-ಅವರ್. 12 ವೋಲ್ಟಿನ ಸಣ್ಣ ಕಂಪ್ರೆಸರ್ ಡಬ್ಬಿಗೆ ದಿನಕ್ಕೆ 500 ಸಾಕು. ಸಿಲಿಂಡರನ್ನು ಮುಟ್ಟುವ ಪ್ರಶ್ನೆಯೇ ಇಲ್ಲ.

ಒಟ್ಟು ಹಾಕಿ. ಗೀಸರ್ 640, ಫ್ರಿಜ್ 300, ಅಡುಗೆ 250 ಅಥವಾ 300. ದಿನಕ್ಕೆ 1.2 ಕೆಜಿ. ಐದು ಕೆಜಿಯ ಸಿಲಿಂಡರ್ ನಾಲ್ಕು ದಿನ. ಬರೀ ಒಲೆ ಅಂದರೆ ಅದೇ ಸಿಲಿಂಡರ್ ಎಂಟು ಮಂದಿಗೆ ಎರಡೂವರೆ ವಾರ, ಮೂರು ವಾರ. ನಾನು ಹೊಡೆದುಹಾಕಬೇಕು ಅನ್ನೋ ಎರಡು ಸಾಲು ಯಾವುವು ಅಂತ ಈಗ ಗೊತ್ತಾಯಿತಲ್ಲ.

ಜಳಕ? ಕೂಡಲಸಂಗಮದಲ್ಲಿ ಹೊಳೆಗಿಳಿದೆವು, ಅದು ಸುಲಭದ ಉತ್ತರ. ಉಳಿದ ದಿನಕ್ಕೆ ಕಪ್ಪು ಬಣ್ಣ ಬಳಿದ ಕ್ಯಾನು ಮಾಡಿನ ಮೇಲೆ ಕಟ್ಟಿ ಮುಂಜಾನೆ ತುಂಬಿಸಿದರೆ ಸಂಜೆಗೆ ನೀರು ಬೆಚ್ಚಗಿರುತ್ತದೆ. ಜಳಕದ ಹೊತ್ತು ನಸುಕಿನಿಂದ ಸಂಜೆಗೆ ಸರಿಯಬೇಕು, ಅಷ್ಟೇ. ಯಂತ್ರ ಬದಲಿಸೋದಕ್ಕಿಂತ ರೂಢಿ ಬದಲಿಸೋದು ಕಷ್ಟ ಅನ್ನೋದು ನಮ್ಮ ಬ್ಯಾಚಿನಲ್ಲಿ ಎದ್ದ ಗದ್ದಲದಿಂದಲೇ ಗೊತ್ತಾಯಿತು. “ವಯಸ್ಸಾದವರು ಬಂದರೆ?” ಅಂತ ಕೇಳಿದರು. ನ್ಯಾಯವಾದ ಪ್ರಶ್ನೆ. ಅವರಿಗೆ ಒಲೆಯ ಮೇಲೆ ಒಂದು ಬಕೆಟ್ ಕಾಯಿಸಿ ಕೊಡೋಣ, 50 ಗ್ರಾಂ. ಅದಕ್ಕೆ ಗೀಸರ್ ಕೂಡಿಸಬೇಕಿಲ್ಲ.

ಊಟದ ವಿಷಯದಲ್ಲಿ ಮಾತ್ರ ನಾವು ಕಲಿಯಬೇಕಾದದ್ದು ಏನೂ ಇರಲಿಲ್ಲ, ಮರೆತದ್ದನ್ನು ನೆನಪು ಮಾಡಿಕೊಳ್ಳಬೇಕಿತ್ತು. ಮೊದಲ ರಾತ್ರಿ ನಾವು ನೂಡಲ್ಸ್, ಫ್ರೈಡ್ ರೈಸ್ ಅಂತ ಕುಣಿದಿದ್ದೆವು. ಎರಡನೇ ದಿನ ದೋಸ್ತನ ಚೀಲದಿಂದ ಕಟಕ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಅಗಸಿ ಹಿಂಡಿ ಹೊರಬಂದವು. ಮೊಸರು, ಉಳ್ಳಾಗಡ್ಡಿ ದಾರಿಯಲ್ಲಿ ಸಿಕ್ಕವು. ಒಲೆ ಹಚ್ಚಿದ್ದು ಒಂದು ಹೊತ್ತಿನ ಅನ್ನ-ಸಾರಿಗೆ, ಎರಡು ಸಲ ಚಹಾಕ್ಕೆ. ಯುಗಾದಿಗೆ ಮುಂಚೆ ನಮ್ಮ ಹಳ್ಳಿಗಳಿಂದ ಶ್ರೀಶೈಲಕ್ಕೆ ಪಾದಯಾತ್ರೆ ಹೋಗುವವರ ಬುತ್ತಿ ನೋಡಿ, ವಾರಗಟ್ಟಲೆ ಕೆಡದ ಊಟ, ಉರಿ ಬೇಡದ ಊಟ. ಇದನ್ನು ಬಡವರ ಬುತ್ತಿ ಅಂತ ನಾವೇ ಮೂಗು ಮುರಿದು, ಈಗ ಕ್ಯಾಂಪಿಂಗ್ ಫುಡ್ ಅಂತ ಪ್ಯಾಕೆಟ್ಟಿನಲ್ಲಿ ಬಂದರೆ ದುಡ್ಡು ಕೊಟ್ಟು ಕೊಳ್ಳುತ್ತೇವೆ. ಇರಲಿ.

ಒಲೆಯ ಮುಂದಿನ ಸಣ್ಣಪುಟ್ಟ ಜಾಣತನ ನಿಮ್ಮ ಅವ್ವಂದಿರಿಗೆ ನನಗಿಂತ ಚೆನ್ನಾಗಿ ಗೊತ್ತು. ಬ್ಯಾಳಿ ನೆನೆಸು, ಮುಚ್ಚಳ ಮುಚ್ಚು, ಸೀಟಿ ಬಂದ ಮೇಲೆ ಉರಿ ಸಣ್ಣ ಮಾಡು, ಉರಿ ಪಾತ್ರೆಯ ಪಕ್ಕಕ್ಕೆ ಹಾಯದ ಹಾಗೆ ನೋಡಿಕೋ. ಬಯಲಿಗೆ ಬಂದರೆ ಇನ್ನೊಂದು ಸೇರಿಸಿ, ಗಾಳಿ. ಐಹೊಳೆಯ ಹತ್ತಿರ ಸಂಜೆ ಗಾಳಿಗೆ ಚಹಾ ಕುದಿಯಲು ಎಷ್ಟು ಹೊತ್ತಾಯಿತು ಅಂದ್ರೆ ಕಾಯುತ್ತಾ ಕೂತವರು ಎದ್ದು ಹೋದರು. ತಗಡಿನ ಮರೆ ಇಟ್ಟ ಮೇಲೆ ಸರಿಹೋಯಿತು. ಮರೆ ಒಲೆಗೆ ಮಾತ್ರ. ಸಿಲಿಂಡರನ್ನು ಅದರೊಳಗೆ ಸೇರಿಸಿಕೊಂಡರೆ ಅದನ್ನೂ ಒಲೆಯ ಮೇಲಿಟ್ಟ ಹಾಗೆ.

ಇಳಕಲ್ಲಿನಲ್ಲಿ ದೋಸ್ತನ ಅಜ್ಜ ನಮ್ಮ ತೂಕದ ಪುಸ್ತಕ ನೋಡಿ ನಕ್ಕರು. ಮಗ್ಗದ ಮನೆ ಅದು. ಆ ಮನೆಗೆ ರೇಷ್ಮೆ ಬರೋದು ತೂಕಕ್ಕೆ, ಸೀರೆ ಹೋಗುವಾಗಲೂ ತೂಕ. “ಕಣ್ಣ ಅಳತಿಗೆ ಯಾರ್ ರೇಷ್ಮಿ ಕೊಡ್ತಾರಪಾ?” ಅಂದರು. ಅಷ್ಟೇ ಅಂದದ್ದು, ಆಮೇಲೆ ಊಟಕ್ಕೆ ಕರೆದರು.

ಈಗ ಕಷ್ಟದ ಮಾತು. ನಮ್ಮ ರೂಮಿನ ಆ ಐದು ಕೆಜಿ ಸಿಲಿಂಡರ್ ಎಲ್ಲಿಯದು? ನಿಮ್ಮಲ್ಲಿ ಬಹಳ ಜನರ ರೂಮಿನಲ್ಲಿ ಇರುವಂಥದ್ದೇ. ಅಂಗಡಿಯೊಂದರ ಹಿಂದೆ, ಮನೆಬಳಕೆಯ ಕೆಂಪು ಸಿಲಿಂಡರಿನಿಂದ ಪೈಪು ಹಚ್ಚಿ ತುಂಬಿಸಿ ಕೊಡುತ್ತಾರಲ್ಲ, ಅಲ್ಲಿ ತುಂಬಿಸಿದ್ದು. ಅಂಗಡಿ ಯಾವುದು ಅನ್ನೋದು ಬೇಡ, ಎಲ್ಲ ಊರಲ್ಲೂ ಒಂದಿದೆ. ಅದು ಕಾನೂನಿಗೆ ವಿರುದ್ಧ ಅನ್ನೋದು ಎಲ್ಲರಿಗೂ ಗೊತ್ತು, ಯಾರೂ ತಲೆ ಕೆಡಿಸಿಕೊಳ್ಳಲ್ಲ. ಹಾಗಾಗಿ ಎಂಜಿನಿಯರಿಂಗ್ ಕಾರಣ ಹೇಳುತ್ತೇನೆ. ಸಿಲಿಂಡರನ್ನು ಎಂದೂ ಪೂರ್ತಿ ತುಂಬಿಸುವುದಿಲ್ಲ, ಸುಮಾರು ಐದನೇ ಒಂದು ಭಾಗ ಖಾಲಿ ಬಿಡುತ್ತಾರೆ, ಬಿಸಿಲಿಗೆ ದ್ರವ ಹಿಗ್ಗಲು ಜಾಗ ಬೇಕು ಅಂತ. ಪೈಪು ಹಚ್ಚಿ ತುಂಬಿಸುವವನ ಹತ್ತಿರ ಆ ಜಾಗದ ಲೆಕ್ಕ ಇರುವುದಿಲ್ಲ. ಹೆಚ್ಚು ತುಂಬಿದ ಸಿಲಿಂಡರನ್ನು ಮೇ ತಿಂಗಳ ಬಿಸಿಲಿನಲ್ಲಿ ಗಾಡಿಯ ಪೆಟ್ಟಿಗೆಯೊಳಗೆ ಮುಚ್ಚಿಟ್ಟರೆ, ಹಿಗ್ಗಿದ ದ್ರವ ಗೋಡೆಯನ್ನೇ ಒತ್ತುತ್ತದೆ. ರೂಮಿನ ಮೂಲೆಯಲ್ಲಿ ಇಷ್ಟು ದಿನ ಏನೂ ಆಗಿಲ್ಲ ಅನ್ನೋದು ಗಾಡಿಗೆ ಪುರಾವೆ ಆಗಲ್ಲ. ಕಡಿಮೆ ತುಂಬಿ ದುಡ್ಡು ಹೊಡೆದರೆ ಅದೂ ನಮಗೆ ಗೊತ್ತಾಗುವುದಿಲ್ಲ. ಎರಡನ್ನೂ ಹಿಡಿಯೋದು ಅದೇ ಕಾಟಾ. ಅಚ್ಚು ಹಾಕಿದ ಖಾಲಿ ತೂಕಕ್ಕೆ ಐದು ಕೂಡಿಸಿ, ಅದಕ್ಕಿಂತ ಹೆಚ್ಚು ತೂಗಿದರೆ ಆ ಸಿಲಿಂಡರ್ ನಿಮ್ಮ ಗಾಡಿ ಹತ್ತಬಾರದು.

ಸಕ್ರಮದ ದಾರಿ ಇದೆ. ಐದು ಕೆಜಿಯ ಸಿಲಿಂಡರನ್ನು ತೈಲ ಕಂಪನಿಗಳೇ ಮಾರುತ್ತವೆ. ಇಂಡಿಯನ್ ಆಯಿಲ್ 2020ರ ಡಿಸೆಂಬರಿನಲ್ಲಿ ಅದಕ್ಕೆ ‘ಛೋಟು’ ಅಂತ ಹೆಸರಿಟ್ಟಿತು. ವಿಳಾಸದ ದಾಖಲೆ ಬೇಡ, ಗುರುತಿನ ಚೀಟಿ ಸಾಕು. ಬೆಲೆ ಸ್ವಲ್ಪ ಹೆಚ್ಚು, ನಿಜ. ಪ್ರಾಜೆಕ್ಟಿನ ಬಣ್ಣಕ್ಕೆ, ಎಲ್‌ಇಡಿ ಪಟ್ಟಿಗೆ ನಾವು ಸುರಿಯುತ್ತಿರುವ ದುಡ್ಡಿನ ಮುಂದೆ ಏನೂ ಅಲ್ಲ.

“ಹಂಗಾದ್ರ ಮನಿಯಿಂದ 14.2 ಕೆಜಿದ್ದೇ ಒಯ್ಯೋಣು, ಗೀಸರೂ ಇರ್ಲಿ” ಅಂತ ಒಂದು ಪಕ್ಷ ನಮ್ಮಲ್ಲಿದೆ. ಅದಕ್ಕೆ ನನ್ನ ವಿರೋಧ. ಅದು ತನ್ನ ಖಾಲಿ ತೂಕ ಸೇರಿ 30 ಕೆಜಿ ಮುಟ್ಟುತ್ತದೆ, ಎತ್ತಿ ಇಳಿಸಿ ದಿನಾ ತೂಗುವುದು ಆಗದ ಮಾತು, ತೂಗದಿದ್ದರೆ ಮತ್ತೆ ಅಲ್ಲಾಡಿಸುವ ವಿದ್ಯೆಗೇ ಬರುತ್ತೇವೆ. ನಾನು ಹೇಳೋದು ಐದು ಕೆಜಿಯ ಎರಡು, ಒಂದು ಒಲೆಗೆ, ಒಂದು ಮುಚ್ಚಳ ಹಾಕಿ ಕಟ್ಟಿಟ್ಟದ್ದು. ಮೊದಲನೆಯದು ಮುಗಿದ ದಿನ ನಿಮಗೆ ಅರ್ಧ ದಾರಿ ಖರ್ಚಾಯಿತು ಅಂತ ಗೊತ್ತಾಗುತ್ತದೆ.

ಸಿಲಿಂಡರ್ ಇಡುವ ಪೆಟ್ಟಿಗೆಯ ಬಗ್ಗೆ ಮಾತ್ರ ವಿದೇಶದವರದ್ದನ್ನು ಕಣ್ಣು ಮುಚ್ಚಿ ನಕಲು ಮಾಡೋಣ. ಅವರು ಅದನ್ನು ಮಲಗುವ ಜಾಗದಿಂದ ಪೂರ್ತಿ ಬೇರೆ ಮಾಡಿ, ಬಾಗಿಲು ಹೊರಗಿನಿಂದ ಇಟ್ಟು, ಪೆಟ್ಟಿಗೆಯ ತಳದಲ್ಲೇ ನೆಲಕ್ಕೆ ಕಿಂಡಿ ಬಿಡುತ್ತಾರೆ. ಎಲ್‌ಪಿಜಿ ಗಾಳಿಗಿಂತ ಭಾರ, ಸೋರಿದರೆ ಕೆಳಗೆ ಕೂಡುತ್ತದೆ, ಕಿಂಡಿ ಮೇಲಿದ್ದರೆ ಉಪಯೋಗ ಇಲ್ಲ. ನಮ್ಮ ಡ್ರಾಯಿಂಗಿನಲ್ಲಿ ಕಿಂಡಿ ಮೇಲಿದೆ, ಬಾಗಿಲು ಹಾಸಿಗೆಯ ಕಡೆಗಿದೆ. ಗಾಳಿಯಲ್ಲಿ ನೂರಕ್ಕೆ ಎರಡರಷ್ಟು ಗ್ಯಾಸ್ ಸೇರಿದರೂ ಒಂದು ಕಿಡಿಗೆ ಹತ್ತಿಕೊಳ್ಳುತ್ತದೆ. ಗಾಡಿ ಚಲಿಸುವಾಗ ರೆಗ್ಯುಲೇಟರ್ ಬಂದ್. ಪೈಪು ಐಎಸ್‌ಐ ಗುರುತಿನದು, ಒಂದೂವರೆ ಮೀಟರಿಗಿಂತ ಉದ್ದ ಬೇಡ, ಐದು ವರ್ಷಕ್ಕೆ ಬದಲು; ನಮ್ಮ ರಸ್ತೆಗಳ ಕುಲುಕಾಟಕ್ಕೆ ನಾನಾದರೆ ಪ್ರತಿ ಪ್ರವಾಸಕ್ಕೂ ಸಾಬೂನು ನೀರು ಹಚ್ಚಿ ನೋಡುತ್ತೇನೆ. ಅಡುಗೆ ಹೊರಗೆ. ಮಳೆ ಬಂದರೂ ಬಾಗಿಲು ತೆಗೆದು, ಎಲ್ಲರೂ ಎಚ್ಚರ ಇದ್ದಾಗ.

2023ರ ಆಗಸ್ಟ್ 26ರ ನಸುಕಿನಲ್ಲಿ ಮದುರೈ ನಿಲ್ದಾಣದ ಹತ್ತಿರ ನಿಂತಿದ್ದ ರೈಲು ಬೋಗಿಯೊಂದಕ್ಕೆ ಬೆಂಕಿ ಬಿತ್ತು. ಲಖನೌದಿಂದ ಹೊರಟ ಯಾತ್ರಿಕರ ಪ್ರವಾಸಿ ಬೋಗಿ, ಒಳಗೆ ಅಕ್ರಮವಾಗಿ ತಂದ ಸಿಲಿಂಡರ್. ಒಂಬತ್ತು ಮಂದಿ ಸತ್ತರು. ಆ ಸುದ್ದಿಯನ್ನು ನಾನು ಆವಾಗಲೂ ಓದಿದ್ದೆ, ಮರೆತಿದ್ದೆ. ಬನಶಂಕರಿಯಲ್ಲಿ ಆ ಟಾವೆಲ್ ಹತ್ತಿಕೊಂಡ ದಿನ ಮತ್ತೆ ನೆನಪಾಯಿತು. ಅದೂ ನಸುಕಿನ ಹೊತ್ತೇ, ಒಳಗೆ ಮಂದಿ ಮಲಗಿದ್ದ ಗಾಡಿಯೇ.

ಮುಂದಿನ ಸೋಮವಾರ ಪ್ರಾಜೆಕ್ಟ್ ರಿವ್ಯೂ ಇದೆ. ಗೀಸರ್ ಮತ್ತು ಫ್ರಿಜ್ ತೆಗೆದ ಪಟ್ಟಿ, ಪೆಟ್ಟಿಗೆಯ ತಳಕ್ಕೆ ಕಿಂಡಿ ಇಟ್ಟ ಹೊಸ ಡ್ರಾಯಿಂಗು, ನಾಲ್ಕು ದಿನದ ತೂಕದ ಪುಸ್ತಕ ಮೂರನ್ನೂ ಗೈಡ್ ಸರ್ ಮುಂದೆ ಇಡುತ್ತೇನೆ. ಬ್ಯಾಚಿನವರು ಒಪ್ಪದಿದ್ದರೆ ಅಲ್ಲೇ ಹೇಳಲಿ, ಸಂಖ್ಯೆ ತಗೊಂಡು ಬರಲಿ. ಬೇರೆ ಬ್ರ್ಯಾಂಚಿನವರೂ ಬರಬಹುದು. ಆ ಡಿಜಿಟಲ್ ಕಾಟಾ ಈಗ ವರ್ಕ್‌ಶಾಪಿನ ಕಪಾಟಿನಲ್ಲಿದೆ. ರೂಮಿನ ಸಿಲಿಂಡರ್ ತೂಗಿ ನೋಡಬೇಕು ಅನ್ನಿಸಿದವರು ಒಯ್ಯಿರಿ, ಸೆಲ್ಲು ಮಾತ್ರ ನೀವೇ ಹಾಕಿಕೊಳ್ಳಬೇಕು.